ಒಡೆದ ಚಷ್ಮಾದ ರೊಕ್ಕ ಯಾರು ಕೊಡಬೇಕು?

ಈ ವಿಷಯ ಬರೀಬೇಕು ಅಂತ ಬಹಳ ದಿನಗಳಿಂದ ಅಂದುಕೊಳ್ತಾ ಇದ್ದೆ. ಬರೆಯೋಕೆ ಕೂತಾಗಲೆಲ್ಲ ಎಲ್ಲಿಂದ ಶುರು ಮಾಡೋದು ಅಂತ ತಿಳಿಯದೆ ಬಿಟ್ಟುಬಿಡ್ತಿದ್ದೆ. ಕಳೆದ ವಾರ ಊರಿಗೆ ಹೋಗಿದ್ದಾಗ ಅಟ್ಟ ಸ್ವಚ್ಛ ಮಾಡುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರಲ್ಲಿ ಹಳೇ ಬೋಲ್ಟು ನಟ್ಟು, ಒಂದು ಮುರಿದ ಇಕ್ಕಳ, ಜತೆಗೆ ಒಂದು ದಪ್ಪ ಗಾಜಿನ ಚಷ್ಮಾ. ಬಲಗಡೆ ಗಾಜಿನ ಮೇಲೆ ಜೇಡರ ಬಲೆ ಹರಡಿದ ಹಾಗೆ ಬಿರುಕು. ಅದು ನಮ್ಮ ಕಾಕಾನ ಚಷ್ಮಾ.

ಕಾಕಾ ಚಿಕ್ಕೋಡಿ ತಾಲೂಕಿನ ರಸ್ತೆ ಬದಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೇಲರ್ ಕಟ್ಟೋದು, ರಿಪೇರಿ ಮಾಡೋದು. ಮಾಲಕನೂ ಸೇರಿ ಒಟ್ಟು ಐದು ಜನ. ತೊಂಬತ್ತರ ದಶಕದ ಮಾತು. ಗ್ರೈಂಡಿಂಗ್ ಮಾಡುವಾಗ ಹಾಕಿಕೊಳ್ಳಲಿಕ್ಕೆ ಅಂತ ಮಾಲಕನೇ ಆ ಚಷ್ಮಾ ತಂದುಕೊಟ್ಟಿದ್ದ. ಒಂದು ದಿನ ಗ್ರೈಂಡಿಂಗ್ ಗಾಲಿಯಿಂದ ಒಂದು ಚೂರು ಹಾರಿ ಬಂದು ಗಾಜಿಗೆ ಬಡೀತು. ಗಾಜು ಬಿರುಕು ಬಿಟ್ಟಿತು, ಕಣ್ಣು ಉಳೀತು.

ವಾರದ ಪಗಾರ ಕೊಡುವಾಗ ಮಾಲಕ ಚಷ್ಮಾದ ರೊಕ್ಕ ಮುರಕೊಂಡ. ಅಂದರೆ ಹತ್ತಿರ ಹತ್ತಿರ ಒಂದು ದಿನದ ಪಗಾರ.

"ನಾ ಕೊಡಿಸಿದ ಚಷ್ಮಾ, ನಿನ್ನ ಕೈಯಾಗ ಒಡದೈತಿ. ಮತ್ಯಾರ ಕೊಡಬೇಕೋ ತಮ್ಮಾ?" ಅಂದನಂತೆ.

ಕಾಕಾ ಎದುರು ಮಾತಾಡಲಿಲ್ಲ. ಹೊಸ ಚಷ್ಮಾ ಬಂತು. ಸ್ವಲ್ಪ ತಿಂಗಳಾದ ಮೇಲೆ ಅದೂ ಕೆಳಗೆ ಬಿದ್ದು ಕಡ್ಡಿ ಮುರೀತು. ಈ ಸಲ ಕಾಕಾ ಮಾಲಕನಿಗೆ ಹೇಳಲೇ ಇಲ್ಲ. ಹಳೇ ಬಿರುಕಿನ ಚಷ್ಮಾನೇ ಮತ್ತೆ ತಗೊಂಡ. ಬಿರುಕಿನ ಗಾಜಿನಿಂದ ಕೆಲಸ ಕಾಣ್ತಿರಲಿಲ್ಲ, ಅದಕ್ಕೆ ಹಣೆ ಮೇಲೆ ಏರಿಸಿಕೊಂಡು ಕೆಲಸ ಮಾಡ್ತಿದ್ದ. ಮಾಲಕ ಬಂದಾಗ ಇಳಿಸೋದು, ಹೋದ ಮೇಲೆ ಏರಿಸೋದು. ಹೀಗೆ ನಡೀತಿದ್ದಾಗ ಒಂದು ದಿನ ಮತ್ತೊಂದು ಚೂರು ಹಾರಿತು. ಮೀರಜಿಗೆ ಒಯ್ದರು. ಬಲಗಣ್ಣು ಮರಳಿ ಬರಲಿಲ್ಲ.

ಇಲ್ಲಿ ಮಾಲಕ ಕೆಟ್ಟವನು ಅಂತ ಹೇಳೋದು ನನ್ನ ಉದ್ದೇಶ ಅಲ್ಲ. ಆಸ್ಪತ್ರೆ ಖರ್ಚು ಅವನೇ ಹಾಕಿದ, ಕಾಕಾನ ಮಗಳ ಮದುವೆಗೂ ನಿಂತ. ಕಾಕಾ ಇರುವ ತನಕ ಅವನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ "ಮತ್ಯಾರ ಕೊಡಬೇಕು?" ಅಂತ ಅವನು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ನಮ್ಮನ್ನು ಕಾಯಬೇಕಾದ ಸಾಮಾನು ಆಕಸ್ಮಿಕವಾಗಿ ಒಡೆದರೆ ರೊಕ್ಕ ಯಾರದು? ಈ ಪ್ರಶ್ನೆ ಬಹಳ ಹಳೇದು. ನಮ್ಮ ಹಿಂದಿನವರು ಇದಕ್ಕೆ ಏನು ಉತ್ತರ ಕೊಟ್ಟಿದ್ದರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹಾಕ್ತಾ ಇದ್ದೇನೆ.

* * *

ಮೊದಲು ಚಕ್ಕಡಿ.

ನಮ್ಮ ಕಡೆಯವರಿಗೆ ಚಕ್ಕಡಿ ಬಗ್ಗೆ ಹೇಳಬೇಕಾಗಿಲ್ಲ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಬರೋರು ಇದ್ದಾರೆ. ಚಕ್ಕಡಿಯಲ್ಲಿ ಬ್ರೇಕು ಅಂದರೆ ಏನು? ಎತ್ತಿನ ಮೂಗುದಾರ. ಅದು ಹರಿದರೆ ಎತ್ತು ಹಿಡಿತಕ್ಕೆ ಸಿಗೋದಿಲ್ಲ. ಎದುರಿಗೆ ಬಂದವರ ಗತಿ ದೇವರೇ ಬಲ್ಲ.

ಮಿತಾಕ್ಷರದ ಹೆಸರು ಕೇಳಿದ್ದೀರಿ ತಾನೆ? ಆಸ್ತಿ ಪಾಲಿನ ವ್ಯಾಜ್ಯ ಬಂದಾಗ ವಕೀಲರ ಬಾಯಲ್ಲಿ ಬರುವ ಹೆಸರು. ಬ್ರಿಟಿಷರ ಕಾಲದ ಕೋರ್ಟುಗಳಲ್ಲಿ ಬಂಗಾಳದ ಕಡೆ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂಗಳ ಪಾಲು ಹಂಚಿಕೆಗೆ ಅದೇ ಆಧಾರ. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಳ್ವಿಕೆ, ಅಂದರೆ 1076ರಿಂದ 1126ರ ನಡುವಿನ ಕಾಲ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಪಾಲು ಹಂಚಿಕೆ ಅದರ ಒಂದು ಭಾಗ ಮಾತ್ರ. ಅದೇ ಸ್ಮೃತಿಯ ವ್ಯವಹಾರ ಕಾಂಡದಲ್ಲಿ ಗಾಡಿ ಅಪಘಾತದ ಮಾತೂ ಬರುತ್ತದೆ!

ಅಲ್ಲಿ ಹೇಳಿರೋದರ ಸಾರ ಇಷ್ಟು. ಎತ್ತಿನ ಮೂಗುದಾರ ಹರಿದು, ಅಥವಾ ನೊಗ ಮುರಿದು, ಅಥವಾ ಗಾಡಿ ಹಿಂದಕ್ಕೆ ಜಾರಿ ಯಾರಿಗಾದರೂ ಪೆಟ್ಟಾದರೆ ಗಾಡಿಯ ಒಡೆಯನ ಮೇಲೆ ದೋಷವಿಲ್ಲ. ಅದರ ಮುಂದಿನ ಶ್ಲೋಕವೇ ಇನ್ನೊಂದು ಮಾತು ಹೇಳುತ್ತದೆ. ಕೋಡು ಇರುವ, ಕೋರೆ ಇರುವ ಪ್ರಾಣಿ ಯಾರ ಮೇಲಾದರೂ ಬಿದ್ದಾಗ ಬಿಡಿಸುವ ಶಕ್ತಿ ಇದ್ದೂ ಒಡೆಯ ಬಿಡಿಸದೆ ಹೋದರೆ ದಂಡ. ಎದುರಿನವನು ಕೂಗಿಕೊಂಡರೂ ಬಿಡಿಸದಿದ್ದರೆ ದಂಡ ಎರಡು ಪಟ್ಟು.

ಮನುಸ್ಮೃತಿಯಲ್ಲೂ ಇಂಥದ್ದೇ ಒಂದು ಪಟ್ಟಿ ಇದೆ. ಮೂಗುದಾರ ಹರಿಯೋದು, ನೊಗ ಮುರಿಯೋದು, ಅಚ್ಚು ಮುರಿಯೋದು, ಗಾಲಿ ಮುರಿಯೋದು, ಹಗ್ಗ ಹರಿಯೋದು, ಸಾರಥಿ 'ಸರಿ, ಸರಿ' ಅಂತ ಕೂಗಿದ್ದು... ಹೀಗೆ ಹತ್ತು ಸಂದರ್ಭಗಳಲ್ಲಿ ದಂಡ ಇಲ್ಲ. ಆದರೆ ಗಾಡಿ ಹೊಡೆಯುವವನಿಗೆ ಕೆಲಸ ಬಾರದೆ ಗಾಡಿ ದಾರಿ ತಪ್ಪಿ ಹಾನಿ ಆದರೆ? ದಂಡ ಒಡೆಯನಿಗೆ, ಇನ್ನೂರು ಪಣ. ಕೆಲಸ ಚೆನ್ನಾಗಿ ಬಲ್ಲವನೇ ತಪ್ಪು ಮಾಡಿದರೆ ಮಾತ್ರ ದಂಡ ಅವನಿಗೆ.

(ಈ ಗ್ರಂಥಗಳಲ್ಲೇ ಜಾತಿ ನೋಡಿ ಶಿಕ್ಷೆ ಹೇಳುವ ಮಾತುಗಳೂ ಇವೆ ಅಂತ ನನಗೂ ಗೊತ್ತು. ಅವನ್ನು ತಲೆ ಮೇಲೆ ಹೊತ್ತುಕೊಂಡು ಮೆರೆಸುತ್ತಿಲ್ಲ. ಹಳೇ ಕಾಲದ ಜನ ಈ ಒಂದು ಪ್ರಶ್ನೆಯನ್ನು ಹೇಗೆ ಯೋಚಿಸಿದ್ದರು ಅಂತ ನೋಡ್ತಾ ಇದ್ದೇನೆ ಅಷ್ಟೆ.)

ಒಂದು ಮಾತು ಸ್ಪಷ್ಟ ಮಾಡಬೇಕು. ಹರಿದ ಮೂಗುದಾರದ ಬೆಲೆ ಯಾರು ಕೊಡಬೇಕು ಅಂತ ಈ ಶ್ಲೋಕಗಳು ಹೇಳೋದಿಲ್ಲ. ಹರಿದ ಮೇಲೆ ಆದ ಹಾನಿ ಯಾರ ತಲೆಗೆ ಅಂತ ಮಾತ್ರ ಹೇಳುತ್ತವೆ. ಆದರೂ ನನಗೆ ಅಲ್ಲಿ ಎರಡು ಸಂಗತಿ ಕಂಡವು. ಒಂದು, 'ತಾನಾಗಿ ಹರಿದದ್ದು' ಬೇರೆ, 'ಕೈಲಾದರೂ ಮಾಡದೆ ಬಿಟ್ಟದ್ದು' ಬೇರೆ. ಎರಡು, ಕೆಲಸ ಬಾರದವನನ್ನು ಗಾಡಿ ಮೇಲೆ ಕೂರಿಸಿದ ಒಡೆಯ 'ಹಗ್ಗ ಅವನ ಕೈಯಲ್ಲಿತ್ತು' ಅಂತ ಹೇಳಿ ಪಾರಾಗುವಂತಿಲ್ಲ. ಸಾಮಾನು ಯಾರ ಕೈಯಲ್ಲಿತ್ತು ಅನ್ನೋದಷ್ಟನ್ನೇ ನೋಡಿ ಹಳಬರು ತೀರ್ಮಾನ ಮಾಡುತ್ತಿರಲಿಲ್ಲ.

* * *

ಈಗ ಸುಮಾರು ಎಂಟುನೂರು ವರ್ಷ ಹಾರಿ ರೈಲಿನ ಕಾಲಕ್ಕೆ ಬರೋಣ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ನಮ್ಮ ಭಾಗಕ್ಕೆ ಮೀಟರ್ ಗೇಜ್ ಹಳಿ ಹಾಕಿತು. ಮೀರಜಿನಿಂದ ಬೆಳಗಾವಿ ಕಡೆ ಬರುವಾಗ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್... ಈ ಸ್ಟೇಶನ್ನುಗಳ ಹೆಸರು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. (ಚಿಕ್ಕೋಡಿ ರೋಡ್ ಸ್ಟೇಶನ್ನಿನಲ್ಲಿ ಇಳಿದು ಚಿಕ್ಕೋಡಿ ಎಲ್ಲಿ ಅಂತ ಹುಡುಕಿದವರು ಎಷ್ಟು ಜನರೋ. ಹೆಸರಿನಲ್ಲಿ 'ರೋಡ್' ಇದ್ದರೆ ಊರು ದೂರ ಇದೆ ಅಂತಲೇ ಅರ್ಥ!) ಹಳಿ ಬಂದ ಮೇಲೆ ಚಕ್ಕಡಿ ರಸ್ತೆ ಹಳಿಯನ್ನು ದಾಟಬೇಕಾಯಿತು. ದಾಟುವ ಕಡೆ ಗೇಟು ಬಂತು. ನಮ್ಮ ಸೀಮೆಯ ರೈತ ದಿನಾ ಎದುರಾಗುತ್ತಿದ್ದ, ಸರಕಾರ ಹೇಳಿ ಹಾಕಿಸಿದ ಸುರಕ್ಷತೆಯ ಸಾಧನ ಅಂದರೆ ಈ ಗೇಟು.

1890ರ ರೈಲ್ವೆ ಕಾಯ್ದೆಯಲ್ಲಿ, ಸರಕಾರ ಹೇಳಿದ ಕಡೆ ಗೇಟು, ಸರಪಳಿ, ಅಡ್ಡಪಟ್ಟಿ ಹಾಕಿಸೋದು ರೈಲ್ವೆಯ ಕೆಲಸ ಅಂತ ಆಯಿತು. 1989ರ ಈಗಿನ ಕಾಯ್ದೆಯಲ್ಲೂ 18ನೇ ಕಲಂ ಅದನ್ನೇ ಹೇಳುತ್ತದೆ, ತೆಗೆದು ಮುಚ್ಚಲು ಆಳು ಇಡುವುದನ್ನೂ ಸೇರಿಸಿ. ರೈಲು ತಂದವರು ಅಪಾಯವನ್ನೂ ತಂದರು, ಆದ್ದರಿಂದ ಕಾಯುವ ಖರ್ಚು ಅವರದು ಅನ್ನೋ ಲೆಕ್ಕ. ದಾಟುವ ಚಕ್ಕಡಿಯವನು ಗೇಟಿಗೆ ಕಾಸು ಕೊಡಬೇಕಾಗಿಲ್ಲ.

ಗೇಟು ಮುರಿದರೆ? ಇಲ್ಲಿ ಕಾನೂನು ಬಹಳ ಬಿಗಿ. 1989ರ ಕಾಯ್ದೆಯ 160ನೇ ಕಲಮಿನ ಪ್ರಕಾರ ರಸ್ತೆಗೆ ಮುಚ್ಚಿದ ಗೇಟನ್ನು ಅಧಿಕಾರ ಇಲ್ಲದವರು ತೆಗೆದರೆ 3 ವರ್ಷದ ತನಕ, ಮುರಿದರೆ 5 ವರ್ಷದ ತನಕ ಜೈಲು ಆಗಬಹುದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಗೇಟು ಬೀಳುವಾಗಲೇ ನುಗ್ಗುವ ನಮ್ಮ ಟ್ರ್ಯಾಕ್ಟರ್ ಹುಡುಗರಿಗೆ ಇದು ಗೊತ್ತಿರೋದು ಅನುಮಾನ.

ಇಷ್ಟು ಬಿಗಿ ಯಾಕೆ ಅಂದರೆ, ಗೇಟು ಕಾಯೋದು ಗೇಟು ಮುರಿದವನನ್ನು ಮಾತ್ರ ಅಲ್ಲ. ಅವನ ಹಿಂದೆ ಬರುವ ಬಸ್ಸನ್ನು, ಹಳಿಯ ಮೇಲೆ ಬರುವ ನೂರಾರು ಜನರನ್ನು. ಸಿಗ್ನಲ್ಲಿನ ಜೊತೆ ಇಂಟರ್‌ಲಾಕ್ ಆದ ಗೇಟಿನಲ್ಲಿ ಗೇಟು ಸರಿಯಾಗಿ ಮುಚ್ಚಿ ಬೀಗ ಬೀಳದೆ ರೈಲಿಗೆ ಸಿಗ್ನಲ್ ಸಿಗೋದಿಲ್ಲ. ಗೇಟು ಮುರಿದರೆ ರೈಲು ನಿಲ್ಲುತ್ತದೆ. ಗೇಟ್‌ಮ್ಯಾನ್ ಮೊದಲು ಮಾಡೋದು ಸರಪಳಿ ಕಟ್ಟಿಯೋ ಬದಲಿ ಅಡ್ಡಗಂಬ ಎಳೆದೋ ರಸ್ತೆ ಮುಚ್ಚುವ ಕೆಲಸ. ಯಾರು ಮುರಿದರು, ರೊಕ್ಕ ಯಾರು ತುಂಬಬೇಕು ಅನ್ನೋದೆಲ್ಲ ಆಮೇಲೆ. ಈ ಅನುಕ್ರಮ ನೆನಪಿಟ್ಟುಕೊಳ್ಳಿ: ಮೊದಲು ಬದಲಿ ವ್ಯವಸ್ಥೆ, ಆಮೇಲೆ ವಿಚಾರಣೆ. ಕಾಕಾನ ವಿಷಯದಲ್ಲಿ ಇದು ಉಲ್ಟಾ ಆಗಿತ್ತು.

ಇಂಥದ್ದೇ ಇನ್ನೊಂದು ಸಾಧನ ನಿಪ್ಪಾಣಿ ಕಡೆ ಹೋದರೆ ಕಾಣುತ್ತದೆ. ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ತವಂದಿ ಘಾಟ್ ಇಳಿಯುವಾಗ ರಸ್ತೆ ಪಕ್ಕದ ಕಬ್ಬಿಣದ ತಡೆಪಟ್ಟಿಗಳನ್ನು ನೋಡಿ. ಅವು ಇರೋದೇ ಬಗ್ಗೋದಕ್ಕೆ. ಗಾಡಿಯ ವೇಗವನ್ನು ತಾವು ನುಂಗಿ, ಬಗ್ಗಿ, ಗಾಡಿಯನ್ನು ಕೆಳಗೆ ಬೀಳದ ಹಾಗೆ ತಡೀತವೆ. ಬಗ್ಗಿದ ತಡೆಪಟ್ಟಿ ಅಂದರೆ ಕೆಲಸ ಮಾಡಿದ ತಡೆಪಟ್ಟಿ. ಕಾಕಾನ ಮೊದಲ ಚಷ್ಮಾನೂ ಹಾಗೇ. ಅದು ಒಡೆದದ್ದು ಹಾಳಾಗಿ ಅಲ್ಲ, ಕೆಲಸ ಮಾಡಿ.

ಇಂಥ ರಸ್ತೆ ಸಾಮಾನಿನ ನಷ್ಟಕ್ಕೆ ಒಂದು ದಾರಿ ಇದೆ, ವಿಮೆ. 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೂರನೆಯವರ ವಿಮೆ ಕಡ್ಡಾಯ ಆದದ್ದು 1946ರ ಜುಲೈ 1ರಿಂದ. 1988ರ ಕಾಯ್ದೆ ಬಂದಾಗ ಅದರಲ್ಲಿ ಬೇರೆಯವರ ಆಸ್ತಿಯ ಹಾನಿಗೆ ಕಾನೂನು ಕಡ್ಡಾಯ ಮಾಡಿದ ಮೊತ್ತ 6000 ರೂಪಾಯಿ ಆಗಿತ್ತು. ಅದರಲ್ಲಿ ಎಷ್ಟು ಮೀಟರ್ ತಡೆಪಟ್ಟಿ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಮೊತ್ತ ಸಣ್ಣದು, ಆದರೆ ವಿಚಾರ ದೊಡ್ಡದು. ಯಾರ ಕೈಯಲ್ಲಿ ಯಾವತ್ತು ಒಡೆಯುತ್ತೋ ಗೊತ್ತಿಲ್ಲದ ಸಾಮಾನಿಗೆ ಎಲ್ಲರೂ ಮೊದಲೇ ಸ್ವಲ್ಪ ಸ್ವಲ್ಪ ಕೂಡಿಸಿ ಇಟ್ಟಿರೋದು. ಒಬ್ಬನ ಮೇಲೆ ಇಡೀ ಭಾರ ಬೀಳಬಾರದು ಅನ್ನೋದು.

* * *

ಇನ್ನು ಕಾರ್ಖಾನೆ. ಕಾಕಾನ ಕತೆಗೆ ಹತ್ತಿರದ್ದು ಇದೇ.

ಇಂಗ್ಲೆಂಡಿನಲ್ಲಿ 1837ರಲ್ಲಿ ಒಂದು ಪ್ರಸಿದ್ಧ ಮೊಕದ್ದಮೆ ನಡೀತು, ಪ್ರೀಸ್ಟ್ಲಿ ಮತ್ತು ಫೌಲರ್. ಫೌಲರ್ ಕಟುಕ, ಪ್ರೀಸ್ಟ್ಲಿ ಅವನ ಹತ್ತಿರ ಕೆಲಸಕ್ಕಿದ್ದ ಹುಡುಗ. ಮಿತಿಮೀರಿ ಹೇರಿದ ಗಾಡಿ ಮುರಿದು ಹುಡುಗನ ತೊಡೆ ಮೂಳೆ ಮುರೀತು. ಜ್ಯೂರಿ 100 ಪೌಂಡ್ ಪರಿಹಾರ ಹೇಳಿತು. ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಗಾಡಿ ಹೇಗಿದೆ ಅಂತ ಮಾಲಕನಷ್ಟೇ ಆಳಿಗೂ ಗೊತ್ತಿರುತ್ತದೆ, ಬೇಡ ಅನಿಸಿದರೆ ಕೆಲಸ ಬಿಡಬಹುದಿತ್ತು ಅನ್ನೋ ಧಾಟಿಯ ವಾದ. ಈ ಧೋರಣೆ ಸಡಿಲ ಆಗೋದಕ್ಕೆ ಹಲವು ದಶಕ ಹಿಡೀತು.

ನಮ್ಮಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು, ಮರುವರ್ಷ ಜುಲೈಯಿಂದ ಜಾರಿ ಆಯಿತು. ಕೆಲಸದಲ್ಲಿ ಪೆಟ್ಟಾದರೆ ಯಾರ ತಪ್ಪು ಅಂತ ಕೇಳದೆ ಮಾಲಕ ಪರಿಹಾರ ಕೊಡಬೇಕು. ಆದರೆ ಕೆಲವು ವಿನಾಯಿತಿ ಇಟ್ಟರು. ಅದರಲ್ಲಿ ಒಂದು, ತನ್ನ ರಕ್ಷಣೆಗೆ ಅಂತ ಒದಗಿಸಿದ ಸಾಧನವನ್ನು ಕಾರ್ಮಿಕ 'ಬೇಕಂತಲೇ' ತೆಗೆದು ಹಾಕಿದರೆ ಅಥವಾ ಕಡೆಗಣಿಸಿದರೆ, ಸಾವು ಆಗದ ಪ್ರಕರಣಗಳಲ್ಲಿ ಪರಿಹಾರ ಇಲ್ಲ.

ಇಲ್ಲಿ ನಾನು ಬಹಳ ಹೊತ್ತು ನಿಂತೆ. ಕಾಕಾ ಚಷ್ಮಾ ಹಣೆ ಮೇಲೆ ಏರಿಸಿದ್ದ. ಅದು 'ಬೇಕಂತಲೇ' ಆಯಿತಾ? ಒಂದು ದಿನದ ಪಗಾರ ಹೋಗುತ್ತದೆ ಅಂತ ಹೆದರಿ ಒಡೆದ ಚಷ್ಮಾ ಮುಚ್ಚಿಟ್ಟವನು ಬೇಕಂತಲೇ ಕಣ್ಣು ಕಳಕೊಂಡ ಅಂತ ಬರೀಬಹುದಾ? ವಕೀಲರು ಏನು ಹೇಳ್ತಾರೋ. ಕಾಕಾ ಯಾವ ವಕೀಲರ ಹತ್ತಿರವೂ ಹೋಗಲಿಲ್ಲ. ಅದೇ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ ದುಡಿಯುವ ಶಕ್ತಿಯ ನಷ್ಟ ಶೇಕಡಾ 40, ಕಣ್ಣುಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ ಶೇಕಡಾ 30 ಅಂತ ಇತ್ತು. ಆ ಲೆಕ್ಕ ಅವನ ತನಕ ಬರಲೇ ಇಲ್ಲ.

ಮುಂದೆ, 1929ರಲ್ಲಿ ವ್ಹಿಟ್ಲಿ ಅನ್ನೋರ ಅಧ್ಯಕ್ಷತೆಯಲ್ಲಿ ಭಾರತದ ಕಾರ್ಮಿಕರ ಸ್ಥಿತಿ ನೋಡಲು ರಾಯಲ್ ಕಮಿಶನ್ ನೇಮಕ ಆಯಿತು. 1931ರಲ್ಲಿ ವರದಿ ಕೊಟ್ಟಿತು. ಪಗಾರದಲ್ಲಿ ದಂಡ ಮುರಿಯೋದು, ಹಾಳಾದ ಸಾಮಾನಿನ ಹೆಸರಲ್ಲಿ ಮುರಿಯೋದು ಆಗ ಸಾಮಾನ್ಯ. ಆ ವರದಿಯ ನಂತರ 1936ರಲ್ಲಿ ಪಗಾರ ಪಾವತಿ ಕಾಯ್ದೆ ಬಂತು. ಅದರಲ್ಲಿ ದಂಡಕ್ಕೆ ಮಿತಿ ಹಾಕಿದರು, ರೂಪಾಯಿಗೆ ಅರ್ಧ ಆಣೆ. 16 ರೂಪಾಯಿ ಪಗಾರ ಇದ್ದರೆ ದಂಡ 8 ಆಣೆ ದಾಟುವಂತಿಲ್ಲ. ಹದಿನೈದು ವರ್ಷ ತುಂಬದ ಮಕ್ಕಳಿಗೆ ದಂಡವೇ ಇಲ್ಲ. ದಂಡದ ರೊಕ್ಕ ಮಾಲಕನ ಜೇಬಿಗೆ ಹೋಗುವಂತಿಲ್ಲ, ಕಾರ್ಮಿಕರ ಉಪಯೋಗಕ್ಕೇ ಹೋಗಬೇಕು.

ಸಾಮಾನು ಹಾಳಾದರೆ? ಮೂರು ಷರತ್ತು. ಆ ಸಾಮಾನನ್ನು ಕಾಪಾಡಲು ಸ್ಪಷ್ಟವಾಗಿ ಅವನಿಗೇ ಒಪ್ಪಿಸಿರಬೇಕು. ಹಾನಿ ಆದದ್ದು ನೇರವಾಗಿ ಅವನ ಅಸಡ್ಡೆಯಿಂದ ಅಥವಾ ತಪ್ಪಿನಿಂದ ಆಗಿರಬೇಕು. ಮುರಿಯುವ ಮೊದಲು ಅವನ ಮಾತು ಕೇಳಬೇಕು. ಮುರಿಯುವ ಮೊತ್ತ ಆದ ನಷ್ಟಕ್ಕಿಂತ ಹೆಚ್ಚಾಗಬಾರದು. 'ನಿನ್ನ ಕೈಯಾಗ ಒಡದೈತಿ' ಅನ್ನೋ ಒಂದೇ ಮಾತಿಗೆ ರೊಕ್ಕ ಮುರಿಯುವ ಕಾಲ ಕಾಗದದ ಮೇಲಾದರೂ ಮುಗಿದಿತ್ತು.

ಇನ್ನೊಂದು ಸಂಗತಿ. 1936ರಲ್ಲಿ ನಮ್ಮ ಸೀಮೆ ಒಂದೇ ಆಳ್ವಿಕೆಯಲ್ಲಿ ಇರಲಿಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಬ್ರಿಟಿಷ್ ಇಂಡಿಯಾದ ಕಾಯ್ದೆ ಸಂಸ್ಥಾನದೊಳಗೆ ತಾನಾಗಿ ಜಾರಿ ಆಗ್ತಿರಲಿಲ್ಲ. ಅಂದರೆ ಒಂದು ಊರಿನಲ್ಲಿ ಪಗಾರ ಮುರಿಯುವ ಮೊದಲು ಕೇಳಬೇಕಾಗಿತ್ತು, ನಡೆದು ಹೋಗುವಷ್ಟು ದೂರದ ಇನ್ನೊಂದು ಊರಿನಲ್ಲಿ ಆ ಕಾಯ್ದೆಯೇ ಇಲ್ಲ. 1956ರ ನವೆಂಬರ್ 1ರಂದು ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಬರುವ ಹೊತ್ತಿಗೆ ಆ ವ್ಯತ್ಯಾಸ ಹೋಗಿತ್ತು.

ಅಷ್ಟರಲ್ಲಿ 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಶುರು ಆಯಿತು. ಆಗ ಅಥಣಿ ಕಡೆ ಅಂತಿದ್ದ ಆ ಊರು ಈಗ ಕಾಗವಾಡ ತಾಲೂಕು. ಆಮೇಲೆ ಸಹಕಾರಿ ಕಾರ್ಖಾನೆಗಳು ಬಂದವು. ಎತ್ತಿನ ಗಾಣದ ಕಾಲ ಹೋಗಿ ದೊಡ್ಡ ದೊಡ್ಡ ಗಾಲಿ, ಬೆಲ್ಟು, ಬಾಯ್ಲರುಗಳ ಕಾಲ. ಇಂಥ ಕಡೆಗಳಿಗೆ ಅಂತಲೇ 1948ರ ಕಾರ್ಖಾನೆ ಕಾಯ್ದೆ. ತಿರುಗುವ ಯಂತ್ರಕ್ಕೆ ಬೇಲಿ ಹಾಕಬೇಕು, ಚೂರು ಹಾರುವ ಕೆಲಸದಲ್ಲಿ ಕಣ್ಣಿಗೆ ಚಷ್ಮಾ ಅಥವಾ ಅಡ್ಡ ಪರದೆ ಒದಗಿಸಬೇಕು. 111ನೇ ಕಲಂ ಕಾರ್ಮಿಕನಿಗೆ ಹೇಳುತ್ತದೆ: ಬೇಕಂತಲೇ ಆ ಸಾಧನಗಳನ್ನು ಹಾಳುಮಾಡಬೇಡ, ಮಾಡಿದರೆ ಶಿಕ್ಷೆ. 114ನೇ ಕಲಂ ಮಾಲಕನಿಗೆ ಹೇಳುತ್ತದೆ: ಈ ಕಾಯ್ದೆ ಪ್ರಕಾರ ನೀನು ಒದಗಿಸಬೇಕಾದ ಯಾವ ಸಾಧನಕ್ಕೂ ಕಾರ್ಮಿಕನಿಂದ ರೊಕ್ಕ ತಗೋಬೇಡ.

ಎಷ್ಟು ಚೆನ್ನಾಗಿದೆ ಅಲ್ವಾ? ಬೇಕಂತಲೇ ಮುರಿದವನಿಗೆ ಶಿಕ್ಷೆ ಇದೆ. ಆಕಸ್ಮಿಕವಾಗಿ ಮುರಿದರೆ ಹೊಸದು ತಂದುಕೊಡುವ ಹೊಣೆ ಮಾಲಕನದ್ದೇ. ಮಿತಾಕ್ಷರದ ಚಕ್ಕಡಿಯಲ್ಲಿ ಕಂಡ ಎರಡು ಗೆರೆಗಳೇ ಇಲ್ಲೂ ಕಾಣ್ತವೆ.

2025ರ ನವೆಂಬರ್ 21ರಿಂದ ಈ ಹಳೇ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಹೆಸರು ಬದಲಾಗಿದೆ, ಆದರೆ ಈ ವಿಷಯದಲ್ಲಿ ತಿರುಳು ಅದೇ. ಸುರಕ್ಷತೆಗಾಗಿ ಒದಗಿಸಿದ್ದಕ್ಕೆ ಕೆಲಸಗಾರನಿಂದ ಶುಲ್ಕ ತಗೋಬಾರದು. ಸಾಮಾನಿನ ನಷ್ಟ ಮುರಿಯಬೇಕಾದರೆ ಅವನ ಅಸಡ್ಡೆ ಇರಬೇಕು, ಅವನ ಮಾತು ಕೇಳಬೇಕು.

* * *

ಹಾಗಾದರೆ ಕಾಕಾನಿಗೆ ಇದೆಲ್ಲ ಯಾಕೆ ಸಿಗಲಿಲ್ಲ?

ಉತ್ತರ ಒಂದು ಅಂಕಿಯಲ್ಲಿದೆ. 1948ರ ಕಾಯ್ದೆಯಲ್ಲಿ ಕಾರ್ಖಾನೆ ಅಂದರೆ ಕರೆಂಟು ಬಳಸುವ ಕಡೆ 10 ಜನ, ಇಲ್ಲದ ಕಡೆ 20 ಜನ ಕೆಲಸಗಾರರು ಇರಬೇಕು. ಕಾಕಾನ ವರ್ಕ್‌ಶಾಪಿನಲ್ಲಿ ಮಾಲಕ ಸೇರಿ ಐದು! ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20 ಮತ್ತು 40 ಆಗಿದೆ. ಚಿಕ್ಕೋಡಿಯಿಂದ ನಿಪ್ಪಾಣಿ ತನಕ, ಅಥಣಿಯಿಂದ ಕಾಗವಾಡ ತನಕ ರಸ್ತೆ ಬದಿ ನೋಡ್ತಾ ಹೋಗಿ. ವೆಲ್ಡಿಂಗ್ ಅಂಗಡಿ, ಲೇತ್, ಟ್ರೇಲರ್ ಕಟ್ಟುವವರು, ಕಬ್ಬಿನ ಗಾಣ ರಿಪೇರಿ. ಮೂರು ಜನ, ನಾಲ್ಕು ಜನ. ದೊಡ್ಡ ಕಾರ್ಖಾನೆಗೆ ಬಂದ ಕಾನೂನು ಅವುಗಳ ಬಾಗಿಲ ತನಕ ಬಂದು ನಿಂತಿದೆ, ಒಳಗೆ ಹೋಗಿಲ್ಲ.

ಆದರೆ ಪೂರ್ತಿ ಕೈಬಿಟ್ಟಿದೆ ಅಂತಲೂ ಅಲ್ಲ. ಎಲ್ಲರಿಗೂ ಅನ್ವಯಿಸುವ ಒಂದು ಹಳೇ ಕಾಯ್ದೆ ಇದೆ, 1872ರ ಕರಾರು ಕಾಯ್ದೆ. ಒಬ್ಬರ ವಸ್ತುವನ್ನು ಇನ್ನೊಬ್ಬರು ನಂಬಿಕೆಯ ಮೇಲೆ ಇಟ್ಟುಕೊಂಡಾಗ ಏನು ಲೆಕ್ಕ ಅಂತ ಅದರಲ್ಲಿ ಹೇಳಿದೆ. ತನ್ನ ಸ್ವಂತ ವಸ್ತುವನ್ನು ಒಬ್ಬ ಸಾಮಾನ್ಯ ವಿವೇಕದ ಮನುಷ್ಯ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಮಾಡಿದ್ದರೆ ಸಾಕು. ಬೇರೆ ಕರಾರು ಇಲ್ಲದಿದ್ದರೆ ಆಮೇಲೂ ಆದ ನಷ್ಟಕ್ಕೆ ಅವನು ಹೊಣೆ ಅಲ್ಲ. 151, 152ನೇ ಕಲಂ. ಚಿಕ್ಕೋಡಿಯ ಮಾಲಕ "ಮತ್ಯಾರ ಕೊಡಬೇಕು" ಅಂತ ಕೇಳುವ ಹೊತ್ತಿಗೆ ಆ ಉತ್ತರಕ್ಕೆ ನೂರಿಪ್ಪತ್ತು ವರ್ಷ ಆಗಿತ್ತು. ಅವನಿಗೂ ಗೊತ್ತಿರಲಿಲ್ಲ, ಕಾಕಾನಿಗೂ ಗೊತ್ತಿರಲಿಲ್ಲ.

ಈ ಮಾತು ಹೇಳಿದಾಗ ನನ್ನ ಗೆಳೆಯನೊಬ್ಬ ವಾದಕ್ಕೆ ಬಂದ. ಅವನೂ ಸಣ್ಣ ವರ್ಕ್‌ಶಾಪ್ ಇಟ್ಟವನೇ.

"ಪುಕಟ ಸಿಕ್ಕರ ಯಾರೂ ಜೋಪಾನ ಮಾಡಂಗಿಲ್ಲಪಾ. ವಾರಕ್ಕೊಂದು ಚಷ್ಮಾ ಒಡೀತಾರ. ನಾವೂ ಹೊಟ್ಟಿಗೆ ಏನ್ ತಿನ್ನೂದು?"

ಅವನ ಮಾತು ಸುಳ್ಳಲ್ಲ. ಸಣ್ಣ ಮಾಲಕನ ಕೈಯಲ್ಲೂ ಬಹಳ ಉಳಿಯೋದಿಲ್ಲ. ಆದರೆ ಲೆಕ್ಕ ಸರಿಯಾಗಿ ಹಾಕಬೇಕು. ಚಷ್ಮಾದ ಬೆಲೆ ಒಂದು ದಿನದ ಪಗಾರ. ಕಣ್ಣು ಹೋದಾಗ ಕಾಕಾನ ಮಾಲಕ ಮೀರಜಿಗೆ ಸುರಿದದ್ದು ಹಲವು ತಿಂಗಳ ಪಗಾರ. ಮತ್ತೆ ಒಬ್ಬ ಒಳ್ಳೇ ಕೆಲಸಗಾರನನ್ನೂ ಕಳಕೊಂಡ. ಬೇಕಂತಲೇ ಎತ್ತಿ ಒಗೆದವನ ಹತ್ತಿರ ವಸೂಲಿ ಮಾಡಲಿ, ಯಾರು ಬೇಡ ಅಂದರು? ಕೆಲಸ ಮಾಡುವಾಗ ಒಡೆದದ್ದಕ್ಕೆ ಮುರಿದರೆ ಚಷ್ಮಾ ಒಡೆಯೋದು ನಿಲ್ಲೋದಿಲ್ಲ, ಒಡೆದದ್ದನ್ನು ಹೇಳೋದು ನಿಲ್ಲುತ್ತದೆ.

ನನಗೆ ತಿಳಿದ ಮಟ್ಟಿಗೆ ಈ ಇಡೀ ಇತಿಹಾಸದ ತಾತ್ಪರ್ಯ ಇದೇ. ಗಡಿಗೆ ಒಡೆದದ್ದನ್ನು ಯಾರಾದರೂ ಮುಚ್ಚಿಟ್ಟರೆ ಹೋಗೋದು ಗಡಿಗೆ ಮಾತ್ರ. ಕಾಯುವ ಸಾಮಾನು ಒಡೆದದ್ದನ್ನು ಮುಚ್ಚಿಟ್ಟರೆ ಮುಂದಿನ ಪೆಟ್ಟಿಗೆ ತಡೆಯೇ ಇರೋದಿಲ್ಲ. ಗೇಟು ಮುರಿದಾಗ ಗೇಟ್‌ಮ್ಯಾನ್ ಮೊದಲು ಸರಪಳಿ ಕಟ್ಟುತ್ತಾನಲ್ಲ, ಹಾಗೆ ಮೊದಲು ಹೊಸ ಚಷ್ಮಾ ಕೈಗೆ ಬರಬೇಕು. ಪ್ರಶ್ನೆ ಆಮೇಲೆ ಕೇಳಿದರಾಯಿತು.

ಗೆಳೆಯ ಕೇಳಿಸಿಕೊಂಡ. ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. ಮರುದಿನ ಅವನ ವರ್ಕ್‌ಶಾಪಿಗೆ ಹೋದಾಗ ಗೋಡೆಯ ಮೊಳೆಗೆ ಎರಡು ಹೊಸ ಚಷ್ಮಾ ತೂಗು ಹಾಕಿದ್ದ. "ಯಾರದರೆ ಒಡದರ ಇರ್ಲಿ ಅಂತ" ಅಂದ. ನಾನು ಏನೂ ಹೇಳಲಿಲ್ಲ, ಚಾ ಕುಡಿದು ಬಂದೆ.

ಕಾಕಾನ ಚಷ್ಮಾ ಈಗ ನನ್ನ ಮೇಜಿನ ಮೇಲಿದೆ. ಮನೆಯವರು 'ಅಪಶಕುನ, ಒಗೀರಿ' ಅಂತಿದ್ದಾರೆ. ಇರಲಿ ಅಂತ ಇಟ್ಟುಕೊಂಡಿದ್ದೇನೆ.

ನಿಮ್ಮ ಕಡೆ ಹೇಗಿದೆ? ಗ್ಯಾರೇಜು, ಗಿರಣಿ, ಪ್ರೆಸ್ಸು, ಕಟ್ಟಡ ಕೆಲಸ, ಎಲ್ಲಾದರೂ ಸರಿ, ಹೆಲ್ಮೆಟ್ಟೋ ಕೈಗವಸೋ ಒಡೆದಾಗ, ಹರಿದಾಗ ಯಾರು ರೊಕ್ಕ ಕೊಡ್ತಾರೆ? ಗೊತ್ತಿದ್ದವರು ಬರೀರಿ. ಕಾನೂನು ಓದಿದವರು ಯಾರಾದರೂ ಇದ್ದರೆ ನಾನು ತಪ್ಪು ತಿಳಿದದ್ದನ್ನು ತಿದ್ದಿ, ಬೇಜಾರಿಲ್ಲ.